ಗರಡಿಯ ಮಣ್ಣು ಕಾಯ್ದ ಉಡಚವ್ವ

ನರಗುಂದಕ್ಕೆ ಬಂದವರು ಮೊದಲು ಗುಡ್ಡ ನೋಡುತ್ತಾರೆ. ಕತ್ತೆತ್ತಿ ನಿಂತು, ತೋಪುಗಳು ಎಲ್ಲಿದ್ದವು, ಕೋಟೆಯ ಯಾವ ಬಾಗಿಲು ಹೇಗೆ ಬಿತ್ತು ಎಂದು ವಿಚಾರಿಸುತ್ತಾರೆ. ವಿಚಾರಿಸಲಿ, ನನ್ನ ತಕರಾರೇನೂ ಇಲ್ಲ. ಆದರೆ ಸಂಸ್ಥಾನ ಬ್ರಿಟಿಷ್ ಕುಂಪಣಿಯ ಪಾಲಾದ ವರ್ಷ ಊರಲ್ಲಿ ಬಿದ್ದದ್ದು ಕೋಟೆಯೊಂದೇ ಅಲ್ಲ. ಜನ ಸಂಜೆ ಹೊತ್ತು ಸೇರಿ, ಬೆವರು ಹರಿಸಿ, ಕೂಗಾಡಿ, ನಕ್ಕು ಮನೆಗೆ ಬರುತ್ತಿದ್ದ ಜಾಗಗಳೂ ಬಾಗಿಲು ಹಾಕಿಕೊಂಡವು. ಅವುಗಳ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಗುಡ್ಡದ ಬುಡದ ಓಣಿಯಲ್ಲಿ ಒಂದು ಹಳೆಯ ಗರಡಿಮನೆ ಇತ್ತು. ಅದರ ಮಣ್ಣನ್ನು ಉಡಚವ್ವ ಎಂಬ ಹೆಂಗಸು ಹೇಗೆ ಉಳಿಸಿದಳು ಎಂಬುದು ಇಲ್ಲಿನ ಕಥೆ.

ನಮ್ಮ ಕಡೆ ಎಲ್ಲಿ ಅಗೆದರೂ ಎರೆಮಣ್ಣು. ಜೋಳಕ್ಕೂ ಹತ್ತಿಗೂ ಅದು ಬಂಗಾರ, ಕುಸ್ತಿಗೆ ಮಾತ್ರ ದಂಡ. ಹಸಿಯಾದರೆ ಮೈಗೆ ಮೆತ್ತುತ್ತದೆ, ಒಣಗಿದರೆ ಪಾದ ಸಿಕ್ಕಿಬೀಳುವಷ್ಟು ಬಿರಿಯುತ್ತದೆ. ಅದಕ್ಕೇ ಗರಡಿ ಕಟ್ಟಿದ ಹಿರಿಯರು ಗಜೇಂದ್ರಗಡದ ಗುಡ್ಡದ ಬುಡದಿಂದ ಚಕ್ಕಡಿಯಲ್ಲಿ ಕೆಂಪು ಮಣ್ಣು ಹೇರಿಸಿ ತಂದಿದ್ದರು. ತಂದು ಸುರುವಿದರೆ ಮುಗಿಯಿತೇ? ಸಾಣಿಗೆ ಹಿಡಿಯಬೇಕು, ಅರಿಷಿಣ, ಕುಸುಬೆ ಎಣ್ಣೆ, ಹುಳಿಮಜ್ಜಿಗೆ, ಬೇವಿನ ಪುಡಿ ಹಾಕಿ ತುಳಿಯಬೇಕು, ವಾರವಾರ ಮತ್ತೆ ಉಣಿಸಿ ತಿರುವಬೇಕು. ಅಪ್ಪ, ಅಜ್ಜ, ಮುತ್ತಜ್ಜನ ಕಾಲದಿಂದ ಹೀಗೆ ಸಾಕಿದ ಮೇಲೆ ಅದು ಗರಡಿಯ ಮಣ್ಣಾಗಿತ್ತು. ಎಂಥ ಪಟ್ಟಿಗೆ ಬಿದ್ದರೂ ಪೈಲವಾನನ ಚರ್ಮ ಸುಲಿಯುತ್ತಿರಲಿಲ್ಲ. ಕೆಲವು ವಾರ ಉಪವಾಸ ಕೆಡವಿದರೆ ಸಾಕು, ಹೆಂಟೆಗಟ್ಟಿ ಸತ್ತುಹೋಗುತ್ತದೆ ಅನ್ನುತ್ತಿದ್ದರು. ಮಣ್ಣಿಗೆ ಹಾಗೆ ಅನ್ನುವವರು ಗರಡಿಯವರು ಮಾತ್ರ.

ಗರಡಿಯ ಬಾಗಿಲು ಬೇಕೆಂದೇ ಗಿಡ್ಡ. ಎಂಥ ಮೀಸೆಯವನೂ ಬಗ್ಗಿಯೇ ಒಳಗೆ ಇಳಿಯಬೇಕು. ಇಳಿದವನು ಮೊದಲು ಚಿಟಿಕೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಎದೆಗೆ ಸವರಿಕೊಂಡು, ಆಮೇಲೆ ಮಾತಾಡಬೇಕು. ಗಂಡಸಾದವನು ಯಾರು ಬೇಕಾದರೂ ಬರಬಹುದಿತ್ತು. ಕುಸ್ತಿ ಕಲಿಸುವ ವಸ್ತಾದ ಕಾಶೀಂಸಾಬ ಒಂದು ಕಡೆ, ಗೋಡೆಯ ಗೂಡಿನಲ್ಲಿ ಹನುಮಪ್ಪ ದೇವರು ಒಂದು ಕಡೆ, ಇಬ್ಬರಿಗೂ ಜಗಳವಿರಲಿಲ್ಲ. ಹೆಣ್ಣು ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ, ಅವಳ ಕಾಲು ಆ ಮಣ್ಣಿಗೆ ತಾಗುವಂತಿರಲಿಲ್ಲ.

ಮಣ್ಣು ಸಾಕುವ ಕೆಲಸ ಉಡಚವ್ವನ ಗಂಡ ಹುಚ್ಚಪ್ಪನದು. ಬಡಕಲು ಆಸಾಮಿ, ಒಂದು ದಿನವೂ ಕುಸ್ತಿ ಹಿಡಿದವನಲ್ಲ. “ಹುಚ್ಚಪ್ಪ, ಗಾಳಿ ಬಿಟ್ಟೈತಿ, ಕಂಬ ಹಿಡಕೊ” ಎಂದು ಪೈಲವಾನರು ಕಾಡುತ್ತಿದ್ದರು. ಆದರೆ ಅವನು ಮಣ್ಣಿನ ಒಂದು ಉಂಡೆ ಹಿಚುಕಿ ನೋಡಿ “ಇವತ್ತ ಬ್ಯಾಡ” ಅಂದರೆ ಅವತ್ತು ಕುಸ್ತಿ ಇಲ್ಲ. ಗಂಡ ಹಾಕುವುದನ್ನೆಲ್ಲ ಅರೆದು, ಕಡೆದು, ಹದಮಾಡಿ ಕೊಡುವವಳು ಉಡಚವ್ವ. ಮದುವೆಯಾಗಿ ಬಂದಾಗಿನಿಂದ ತಲೆ ನರೆಯುವವರೆಗೂ ಅವಳು ಗಡಿಗೆ ಹೊತ್ತು ಹೋಗಿ ಹೊಸ್ತಿಲಿನ ಆಚೆ ಇಟ್ಟು ಬರುತ್ತಿದ್ದಳು. ಒಳಗೆ ಧಬ್ಬನೆ ಬೀಳುವ ಸದ್ದು ಕೇಳಿ ಯಾರು ಯಾರನ್ನು ಒಗೆದರು ಎಂದು ಹೇಳಬಲ್ಲವಳಾಗಿದ್ದಳು. ಕಣ್ಣಾರೆ ಕಂಡಿರಲಿಲ್ಲ.

ಸಾವಿರದ ಎಂಟುನೂರ ಐವತ್ತೆಂಟನೆಯ ಇಸವಿ, ಮಳೆ ಇನ್ನೂ ಬಿದ್ದಿರಲಿಲ್ಲ. ಕುಂಪಣಿಯ ದಂಡು ಬರುತ್ತಿದೆ ಎಂಬ ಸುದ್ದಿಗೆ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಉಡಚವ್ವ, ಹುಚ್ಚಪ್ಪ ಶಿರೋಳದ ದಾರಿ ಹಿಡಿದರು. ಎರಡು ಎತ್ತು ಬಿಟ್ಟರೆ ಗಣಿಸುವಂಥ ಆಸ್ತಿಯೇನೂ ಇರಲಿಲ್ಲ, ಹುಳಿಗೆ ಇಟ್ಟಿದ್ದ ಮಜ್ಜಿಗೆ ಗಡಿಗೆಯನ್ನೂ ಅವಳು ತಲೆಯ ಮೇಲೆ ಹೊತ್ತುಕೊಂಡಿದ್ದಳು. ಅರ್ಧ ದಾರಿಯಲ್ಲಿ ಗಂಡ ನಿಂತ.

“ಇವತ್ತ ಮಣ್ಣಿಗೆ ಮಜ್ಜಿಗಿ ಹಾಕೂ ದಿನ. ಬಿಸಲ ಹ್ಯಾಂಗ ಐತಿ ನೋಡೀಯಿಲ್ಲೋ? ಬಿಟ್ರ ಸತ್ತ ಹೋಗತೈತಿ.”

“ಮಣ್ಣ ಸಾಯತೈತಿ ಅಂತೀ. ನಿನಗ ಏನರ ಆದ್ರ ನಾ ಏನ ಮಾಡ್ಲಿ?”

“ಬಡಕಲ ಮನಶಾ, ಗುಂಡ ಹೊಡಿಯಾವಂಗ ಕಾಣಬೇಕಲ್ಲ? ಲಗೂ ಬರ್ತೀನಿ, ನೀ ನಡಿ.”

ಗಡಿಗೆ ಇಸಿದುಕೊಂಡು ಹೋದವನು ತಿರುಗಿ ಬರಲಿಲ್ಲ. ಗದ್ದಲ ತಣ್ಣಗಾಗಿ ಉಡಚವ್ವ ಊರಿಗೆ ಬರುವ ಹೊತ್ತಿಗೆ, ಗರಡಿಯ ಮುಂದಿನ ಓಣಿಯಲ್ಲಿ ಗುಂಡು ತಗುಲಿ ಬಿದ್ದಿದ್ದವನನ್ನು ಯಾರೋ ಪುಣ್ಯವಂತರು ಮಣ್ಣು ಮಾಡಿದ್ದರು. ಮುಖ ಕೂಡ ನೋಡಲು ಸಿಗಲಿಲ್ಲ. ಒಂದು ಗಡಿಗೆ ಮಜ್ಜಿಗೆಗಾಗಿ ಸತ್ತ ಎಂದು ಓಣಿಯವರು ಮರುಗಿದರು, ಕೆಲವರು ಮರುಗುತ್ತಲೇ ನಕ್ಕರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಹೊಸ ಸರಕಾರ ಊರಿನ ಕತ್ತಿ, ಬಂದೂಕುಗಳನ್ನೆಲ್ಲ ಕಸಿದುಕೊಂಡಿತು. ಆ ಗಡಿಬಿಡಿಯಲ್ಲಿ ಗರಡಿಯ ಗದೆಗಳೂ ಹೋದವು. ಕಸರತ್ತಿಗೆ ತೂಗುವ ಕಟ್ಟಿಗೆಯಿಂದ ಯಾವ ರಾಜ್ಯ ಬೀಳಿಸುತ್ತಿದ್ದರೋ ನಾ ಕಾಣೆ. ಗರಡಿಗೆ ಬೀಗ ಬಿತ್ತು. ಕೆಲವು ದಿನಕ್ಕೆ ಒಬ್ಬ ದಫೇದಾರ ಬಂದು ಬೀಗ ತೆಗೆಸಿ, ಕುದುರೆಗಳ ಮೇವು ಒಟ್ಟಲು ಜಾಗ ಚಲೋ ಇದೆ, ಈ ಮಣ್ಣನ್ನೆಲ್ಲ ತೆಗೆದು ಕೆರೆಯ ಕಡೆ ಚೆಲ್ಲಿರಿ ಎಂದ. ಉಡಚವ್ವ ಬುಟ್ಟಿ ಹಿಡಿದು ಎದುರಿಗೆ ಬಂದು ನಿಂತಳು.

“ಆ ಮಣ್ಣ ನನಗ ಕೊಡ್ರಿ ಸಾಹೇಬ್ರ. ನಾನ ಹೊರತೀನಿ.”

“ಏನ ಮಾಡ್ತೀ?”

“ಗ್ವಾಡಿಗೆ ಮೆತ್ತಾಕ್ರಿ. ನಮ್ಮನಿ ಗ್ವಾಡಿ ಬಿದ್ದಾವು.”

ಹಸೀ ಸುಳ್ಳು. ದಫೇದಾರನಿಗೂ ಹೊರಿಸುವ ಕೂಲಿ ಉಳಿಯಿತು, ಒಪ್ಪಿದ. ಅವಳು ಹೊಸ್ತಿಲಿನ ಮುಂದೆ ಬಂದು ನಿಂತಳು. ಸಿಪಾಯಿಗಳು ಬೂಟುಗಾಲಿನಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದರು. ಅವಳಿಗೆ ಮಾತ್ರ ಕಾಲು ಏಳಲೊಲ್ಲದು. ಕಡೆಗೆ “ಹನುಮಪ್ಪಾ, ತಪ್ಪ ಇದ್ರ ನನ್ನ ಮ್ಯಾಲ ಇರ್ಲಿ” ಎಂದು ಬಗ್ಗಿ ಇಳಿದಳು. ಇಳಿದವಳ ಕಣ್ಣಿಗೆ ಮೊದಲು ಬಿದ್ದದ್ದು ಅಖಾಡದ ಅಂಚಿನಲ್ಲಿ ಬೋರಲು ಹಾಕಿದ್ದ ತನ್ನ ಗಡಿಗೆ. ಬರಿದಾದ ಗಡಿಗೆಯನ್ನು ಹಾಗೆ ಬೋರಲಿಡುವುದು ಹುಚ್ಚಪ್ಪನ ರೂಢಿ. ಮಣ್ಣಿಗೆ ಕೈ ಹಾಕಿ ನೋಡಿದಳು. ಮೇಲೆ ಒಣಗಿದ್ದರೂ ಕೆಳಗೆ ಇನ್ನೂ ಹಸಿ ಇತ್ತು, ಮಜ್ಜಿಗೆಯ ಹುಳಿವಾಸನೆ ಇತ್ತು. ಅಂದರೆ ಅವನು ಕೆಲಸ ಮುಗಿಸಿಯೇ ಹೊರಬಿದ್ದಿದ್ದ. ಈ ಮಣ್ಣು ಸತ್ತರೆ ನನ್ನ ಗಂಡ ಪುಕ್ಕಟೆ ಸತ್ತಂತೆ ಎಂದು ಅವಳಿಗೆ ಅನ್ನಿಸಿತು. ಅದಾದ ಮೇಲೆ ಅವಳ ತಲೆಯಲ್ಲಿ ಬೇರೆ ವಿಚಾರ ಉಳಿಯಲಿಲ್ಲ.

ಅವಳ ಮನೆಯ ದನದ ಕೊಟ್ಟಿಗೆ ಖಾಲಿ ಇತ್ತು. ಇದ್ದ ಎರಡು ಎತ್ತುಗಳನ್ನು ಶಿರೋಳದಲ್ಲಿದ್ದಾಗಲೇ ದಂಡಿನವರು ಸಾಮಾನು ಹೇರಲು ಹೊಡೆದುಕೊಂಡು ಹೋಗಿದ್ದರು. ಆ ಕೊಟ್ಟಿಗೆಗೆ ಬುಟ್ಟಿ ಬುಟ್ಟಿಯಾಗಿ ಗರಡಿಯನ್ನೇ ಹೊತ್ತು ತಂದಳು ಅನ್ನಿ. ಕುತ್ತಿಗೆ ಬಿದ್ದುಹೋಯಿತು, ಸಿಂಬಿ ಹರಿಯಿತು. ಹಗಲು ಕೂಲಿಗೆ ಹೋಗಿ, ಬಂದು, ಹೈನು ಇದ್ದವರ ಮನೆಗಳಲ್ಲಿ ಮಜ್ಜಿಗೆ ಬೇಡಿ, ಮಣ್ಣಿಗೆ ಉಣಿಸಿದಳು. ಉಣಿಸಿದರಷ್ಟೇ ಆಗದು, ತುಳಿಯಬೇಕು. ಮಕ್ಕಳಿಲ್ಲದ ಮನೆಯಲ್ಲಿ ತುಳಿಯುವ ಗಂಡುಗಾಲು ಎಲ್ಲಿಂದ ತರಬೇಕು? ಸೀರೆ ಎತ್ತಿ ಕಟ್ಟಿ ತಾನೇ ಇಳಿದಳು. ಪಕ್ಕದ ಮನೆಯ ಮಾನವ್ವ ಕಂಡು ಬಾಯಿಗೆ ಕೈಯಿಟ್ಟುಕೊಂಡಳು. “ಯವ್ವಾ ನಮ್ಮವ್ವ, ನಿನಗೂ ನಿನ್ನ ಗಂಡಗ ಹತ್ತಿದ್ದ ಹುಚ್ಚ ಹತ್ತೇತಿ” ಅಂದಳು. ಅಂದು, ಮರುದಿನ ತಾನೇ ಒಂದು ಚರಿಗೆ ಮಜ್ಜಿಗೆ ತಂದು ಇಟ್ಟು ಹೋದಳು.

ವರ್ಷ ತುಂಬಿತು. ಸರಕಾರದ ಭಯ ಸಡಿಲಾಯಿತು. ಅರಳೆ ವ್ಯಾಪಾರದ ಅಂದಾನೆಪ್ಪ ಸಾವಕಾರರು ಅಧಿಕಾರಿಗಳ ಕೈಕಾಲು ಹಿಡಿದು ಮೇವು ಖಾಲಿ ಮಾಡಿಸಿದರು. ನಾಗರಪಂಚಮಿಗೆ ಕುಸ್ತಿ ಆಗಲೇಬೇಕೆಂಬ ಹಟ ಅವರದು. ಅವರೂ ಹರೆಯದಲ್ಲಿ ಆ ಅಖಾಡದಲ್ಲೇ ಉರುಳಿದವರು, ಗರಡಿ ಮೇಲಿನ ಜೀವ ಸುಳ್ಳಲ್ಲ. ಕಾಶೀಂಸಾಬ ಓಡೋಡಿ ಉಡಚವ್ವನ ಮನೆಗೆ ಬಂದ. ಮಣ್ಣಿನ ಸುದ್ದಿ ಅವನಿಗೆ ಮೊದಲೇ ಗೊತ್ತಿತ್ತು.

“ತಂಗೀ, ಮಣ್ಣ ಯಾರ ತುಳದ್ರು ಅಂತ ಸಾವಕಾರ್ರು ಕೇಳ್ತಾರ. ನಿನ್ನ ತವರ ಸವಡಿಯಿಂದ ನಿಮ್ಮಣ್ಣ ಬಂದ ತುಳದ ಹೋಗ್ತಿದ್ದ ಅಂತ ಹೇಳಿಬಿಡು. ಮುಗೀತು.”

“ಯಾಕ ಹೇಳ್ಲಿ ಅಣ್ಣಾ? ನಮ್ಮಣ್ಣ ಒಂದ ಸಲಾನೂ ಈ ಕಡೆ ಹಾದಿಲ್ಲ.”

ದಫೇದಾರನ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳಿದ ಹೆಂಗಸು ಇವಳೇ. ಆದರೆ ಅವನು ಪರಕೀಯ. ತನ್ನವರ ಮುಂದೆ, ಅದೂ ಗಂಡನ ಮಣ್ಣಿನ ವಿಷಯದಲ್ಲಿ, ಅವಳ ನಾಲಿಗೆ ಹೊರಳಲಿಲ್ಲ. ಸಾವಕಾರರು ಬಂದು ಅಂಗಳದಲ್ಲೇ ನಿಂತು ಕೇಳಿದರು.

“ಒಂದ ವರ್ಷ ಯಾರ ತುಳದ್ರವ್ವಾ ಇದನ್ನ?”

“ನಾನ ತುಳದೇನ್ರಿ.”

ಅಂದಾನೆಪ್ಪನವರ ಮುಖ ಇಳಿಯಿತು. “ಹಂಗಾದ್ರ ಇದು ಗರಡಿ ಮಣ್ಣ ಅಲ್ಲ. ಗ್ವಾಡಿಗೆ ಮೆತ್ತಿಕೊ.”

“ಮಜ್ಜಿಗಿ ಕಡದಾಕಿ ನಾನ, ಅರಿಷಿಣ ಕುಟ್ಟಿದಾಕಿ ನಾನ. ಇಷ್ಟ ವರ್ಷ ನನ್ನ ಕೈ ಬೇಕಾಗಿತ್ತು. ಈಗ ಕಾಲ ತಾಗಿದ್ರ ಮೈಲಿಗ್ಯೇನ್ರಿ?”

ಸಾವಕಾರರು ಹೊರಟುಬಿಟ್ಟರು. ಅವರನ್ನು ನಾನು ಬಯ್ಯಲಾರೆ. ಅವರ ಅಪ್ಪ ಹೇಳಿಕೊಟ್ಟದ್ದನ್ನು ಅವರು ಹೇಳಿದರು. ಉಡಚವ್ವ ಅವತ್ತು ಒಲೆ ಹೊತ್ತಿಸಲಿಲ್ಲ. ಆದರೆ ವಾರದ ದಿನ ಬಂದಾಗ ಮತ್ತೆ ಗಡಿಗೆ ಎತ್ತಿದಳು.

ಗಜೇಂದ್ರಗಡದಿಂದ ಹೊಸ ಮಣ್ಣು ಬಂತು. ಅಂದಾನೆಪ್ಪನವರು ತುಪ್ಪವನ್ನೇ ಸುರಿಸಿದರು. ಏನು ಮಾಡಿದರೂ ಮಣ್ಣು ಮಣ್ಣೇ. ಹುಡಿಹುಡಿಯಾಗಿ ಕಣ್ಣಿಗೆ ನುಗ್ಗಿತು, ಪೈಲವಾನರ ಬೆನ್ನು, ಮೊಣಕೈ ಸುಲಿದು ಕುರು ಎದ್ದವು. ಪಂಚಮಿ ಹತ್ತಿರ ಬಂತು, ಸಾಮು ಮಾಡಲು ಬರುವವರೇ ಕಡಿಮೆಯಾದರು. ಆಗ ಕಾಶೀಂಸಾಬ ಬಾಯಿ ಬಿಟ್ಟ.

“ಸಾವಕಾರ್ರ, ಹಾಲ ಎಷ್ಟ ಚಲೋ ಇದ್ರೂ ಹೆಪ್ಪ ಬೇಕಲ್ರಿ? ಹಳೀ ಮಣ್ಣ ಒಂದೀಟ ಕೂಡಸ್ದ ಇದು ಹದಕ್ಕ ಬರೂದಿಲ್ಲ. ಅದು ಊರಾಗ ಒಂದ ಮನ್ಯಾಗ ಐತಿ.”

ಅಂದಾನೆಪ್ಪನವರು ಮೀಸೆ ತಿರುವಿದರು. ಕಡೆಗೆ, ಒಂದು ಬುಟ್ಟಿ ಅಷ್ಟೇ, ತಂದವರು ಯಾರಿಗೂ ಹೇಳಬಾರದು ಎಂದರು. ತಾವೂ ಹೊರಟರು. ಮಣ್ಣು ಹೇಗಿದೆಯೋ ನೋಡಬೇಕಲ್ಲ, ಅದು ನೆಪ.

ಉಡಚವ್ವ ಆ ಹೊತ್ತಿಗೆ ಕೊಟ್ಟಿಗೆಯೊಳಗೇ ಇದ್ದಳು, ಮೊಣಕಾಲವರೆಗೆ ಸೀರೆ ಕಟ್ಟಿ ಮಣ್ಣು ತಿರುವುತ್ತಿದ್ದಳು. ಬಾಗಿಲಿಗೆ ನೆರಳು ಬಿತ್ತು. ದನದ ಕೊಟ್ಟಿಗೆಯ ಬಾಗಿಲು ಗರಡಿಯದಕ್ಕಿಂತ ಗಿಡ್ಡ. ಸಾವಕಾರರು ಬಗ್ಗಿದರು. ಮೂಗಿಗೆ ಅರಿಷಿಣ, ಎಣ್ಣೆ, ಹುಳಿಮಜ್ಜಿಗೆಯ ಆ ಹಳೆಯ ವಾಸನೆ ಬಡಿಯಿತು. ಕಾಲುಗಳು ತಾವಾಗಿ ಹಿಂದೆ ಸರಿದು ಮೆಟ್ಟು ಕಳಚಿದವು. ಒಳಗೆ ಇಳಿದವರ ಕೈ ನೆಲಕ್ಕೆ ಹೋಯಿತು. ಚಿಟಿಕೆ ಮಣ್ಣು ಕಣ್ಣಿಗೆ, ಆಮೇಲೆ ಎದೆಗೆ. “ಹನುಮಪ್ಪಾ” ಅಂದರು.

ಅಂದ ಮೇಲೆ ತಾವು ಎಲ್ಲಿದ್ದೇವೆಂದು ಅವರಿಗೆ ಎಚ್ಚರವಾಯಿತು. ಕೈ ಎದೆಯ ಮೇಲೆಯೇ ಉಳಿಯಿತು. ಹಿಂದೆ ನಿಂತಿದ್ದ ಕಾಶೀಂಸಾಬ ಕೆಮ್ಮಿದ.

ಉಡಚವ್ವ ಅವರನ್ನು ನೋಡಿದಳು, ತನ್ನ ಕೆಂಪಾದ ಪಾದ ನೋಡಿಕೊಂಡಳು. “ಸಾವಕಾರ್ರ, ಹಂಗಾದ್ರ ಇದು ಗರಡೀನ ಆತಲ್ರಿ. ಇನ್ನ ನಾ ಹೊರಗ ಹೋಗಬೇಕೇನ್ರಿ?”

ಕೇಳಿದ್ದು ಅಣಕಕ್ಕೋ ಖರೇನೋ ಅವಳಿಗೇ ಗೊತ್ತಿರಲಿಲ್ಲ. ಹೋಗು ಅಂದಿದ್ದರೆ ಹೋಗಿಯೇ ಬಿಡುತ್ತಿದ್ದಳು ಎಂದು ನನಗೆ ಅನ್ನಿಸುತ್ತದೆ.

ಅಂದಾನೆಪ್ಪನವರು ಒಂದು ಉಂಡೆ ಹಿಚುಕಿ ನೋಡಿದರು. ಉಂಡೆ ನಿಂತಿತು. ಕೈ ಸಡಿಲಿಸಿದಾಗ ಮೆತ್ತಗೆ ಬಿಚ್ಚಿತು. “ಹುಚ್ಚಪ್ಪನ ಹದ” ಅಂದರು. “ನೀ ಹೊರಗ ಹೋದ್ರ ಬುಟ್ಟಿ ತುಂಬಾವ್ರ ಯಾರವ್ವಾ? ಇರು. ಎಲ್ಲಾ ಬುಟ್ಟೀನೂ ನೀನ ತುಂಬು.”

ಒಂದು ಬುಟ್ಟಿ ಎಂದು ಬಂದವರು ಎಲ್ಲಾ ಎಂದರು. ಅವಳು ತುಂಬಿದಳು. ಮೊದಲ ಬುಟ್ಟಿಯನ್ನು ಸಾವಕಾರರು ರುಮಾಲಿನ ಮೇಲೆಯೇ ಹೊತ್ತು, ಹಗಲುಹೊತ್ತಿನಲ್ಲಿ, ಓಣಿಯ ಎಲ್ಲರೂ ನೋಡುತ್ತಿದ್ದಂತೆ ನಡೆದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಉಡಚವ್ವ ಖಾಲಿಯಾಗುತ್ತಿದ್ದ ಕೊಟ್ಟಿಗೆಯಲ್ಲಿ ಕೂತು, ಗಂಡ ಸತ್ತಾಗಿನಿಂದ ಬರದಿದ್ದ ಅಳುವನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು, ಗಡಿಗೆ ಎತ್ತಿಕೊಂಡು ಮಾನವ್ವನ ಮನೆಗೆ ಮಜ್ಜಿಗೆ ಕೇಳಲು ಹೋದಳು. ಮರುದಿನ ಗರಡಿಯ ಮಣ್ಣಿಗೆ ಹಾಕಬೇಕಿತ್ತು.