ನಷ್ಟ ಎಷ್ಟೋ ಅಷ್ಟೇ ದಂಡ

ಅವರ ಹುಬ್ಬುಗಳು ಪೊದೆಯ ಹಾಗಿದ್ದವು. ಸಂಜೆಯ ಹೊತ್ತಿಗೆ ರಸ್ತೆಯ ಧೂಳೆಲ್ಲ ಅಲ್ಲಿ ಕೂತು, ಒಂದೇ ದಿನಕ್ಕೆ ಮುದುಕರಾದಂತೆ ಕಾಣುತ್ತಿದ್ದರು. ಒರೆಸಿಕೊಳ್ಳಿ ಸಾರ್ ಅಂದರೆ “ನಾಳೆನೂ ಕುಂತ್ಕೊಳ್ತೈತೆ ಬಿಡು” ಅನ್ನುವರು. ಹೆದ್ದಾರಿ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಸಾಹೇಬರು, ಮೊಳಕಾಲ್ಮೂರು ಕಡೆಯವರು. ಸಿಟ್ಟು ಬಂದರೆ “ಏಮಯ್ಯಾ” ಎಂದು ತೆಲುಗಿಗೆ ಹೊರಳುತ್ತಿದ್ದರು. ನನ್ನನ್ನಂತೂ ಮೊದಲ ದಿನದಿಂದಲೇ ಏಮಯ್ಯಾ ಅಂದವರು.

ನಾನು ಚಳ್ಳಕೆರೆಯ ಸಣ್ಣ ಗುತ್ತಿಗೆದಾರ. ಹೆದ್ದಾರಿಯಲ್ಲಿ ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುವ ಕೆಲಸಕ್ಕೆ ಟೆಂಡರ್ ಕರೆಯುವವರಿದ್ದರು. ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಅದಕ್ಕೆ ಇಳಿಯಲು ಹೊರಟಿದ್ದೆ. ಟೆಂಡರಿಗೆ ಮುಂಚಿನ ಸಭೆಯಲ್ಲಿ ಊರಿನ ಮುಖಂಡರೊಬ್ಬರು ಮೇಜು ಕುಟ್ಟಿದರು.

“ತಡ ಮಾಡಿದ ದಿನಕ್ಕಿಷ್ಟು ಅಂತ ಭಾರಿ ದಂಡ ಹಾಕ್ರಿ ಸಾಹೇಬ್ರೆ. ಕಾಲು ಸುಟ್ಟ ಬೆಕ್ಕಿನಂಗೆ ಓಡಾಡ್ತಾರೆ!”

“ಹಂಗೆ ದಂಡ ಹಾಕಿದ್ರೆ ಕೆಲಸಾನೇ ದಂಡ ಆಗ್ತೈತೆ” ಅಂದರು ಸಾಹೇಬರು. “ಅರ್ಧಕ್ಕೆ ಬಿಟ್ಟು ಓಡಿಹೋದ್ರೆ ಸೇತುವೆ ನೀವು ಕಟ್ತೀರಾ?”

ನನಗೆ ಒಳಗೊಳಗೇ ಖುಷಿ. ಸ್ವಲ್ಪ ಇಳಿಸಿ ಸಾರ್ ಎಂದು ಹಲ್ಲು ಗಿಂಜಿದೆ.

“ಏಮಯ್ಯಾ, ನಿನ್ನ ಮುಖ ನೋಡಿ ದರ ಹಾಕ್ಲಾ? ದಾರಿ ಮುಚ್ಚಿದ್ರೆ ಜನಕ್ಕೆ ಎಷ್ಟು ನಷ್ಟ ಐತೋ ಅಷ್ಟು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಆ ನಷ್ಟ ತಿಳಿಯಲು ಜೀಪು ಬಿಟ್ಟು, ಬಳಸುದಾರಿಯಲ್ಲಿ ಟೆಂಪೋ ಹತ್ತಿ ಓಡಾಡಿದರು. ಶೇಂಗಾ ಲಾರಿಗೆ ಎಷ್ಟು ಡೀಸೆಲ್ ಹೆಚ್ಚು, ಕೂಲಿಗೆ ಹೋಗುವವರಿಗೆ ಎಷ್ಟು ಹೊತ್ತು ಹಾಳು, ಎಲ್ಲ ಕೇಳಿದರು. ಕೊನೆಗೆ ಕರಾರಿನಲ್ಲಿ ಎರಡು ದರ ಬರೆಸಿದರು. ಗಡುವು ಮೀರಿದ ಮೇಲೂ ದಾರಿ ಮುಚ್ಚಿರುವಷ್ಟು ದಿನ ದೊಡ್ಡದು. ವಾಹನ ಓಡತೊಡಗಿದ ಮೇಲೆ ಚಿಕ್ಕದು. “ಬಸ್ಸು ಓಡಿದ ಮೇಲೆ ಬಿಳಿ ಪಟ್ಟೆ ಬಳಿಯೋದು ತಡ ಆದ್ರೆ ಜನಕ್ಕೇನು ಅಷ್ಟು ನಷ್ಟ ಐತೆ?”

ಕೆಲಸ ನನಗೇ ಸಿಕ್ಕಿತು. ಅರ್ಧಕ್ಕೆ ಮೇಸ್ತ್ರಿ ತಂಡ ಸಮೇತ ಕೈಕೊಟ್ಟ. ಗಡುವು ಮೀರಿತು, ದೊಡ್ಡ ದರದ ದಂಡ ದಿನದಿನವೂ ಏರತೊಡಗಿತು. ಮನೆ ಬ್ಯಾಂಕಿನ ಪಾಲಾಗುತ್ತದೆಂದು ಹೆಂಡತಿ ಗೋಡೆ ನೋಡುತ್ತ ಕೂರುತ್ತಿದ್ದಳು. ಹೋಗಿ, ದಂಡ ಸ್ವಲ್ಪ ಬಿಡಿ ಸಾರ್ ಎಂದು ಸಾಹೇಬರಿಗೆ ಕೈಮುಗಿದೆ.

“ನಿನ್ನ ಮೇಸ್ತ್ರಿ ಓಡಿಹೋದ್ರೆ ಊರೋರು ಯಾಕೆ ಸುತ್ಕೊಂಡು ಹೋಗ್ಬೇಕು? ಇಲ್ಲಿ ನಿಂತಿರೋ ಬದ್ಲು ಸೇತುವೆ ಹತ್ರ ನಿಲ್ಲು, ಹೋಗು.”

ಎಂಥ ಕಲ್ಲೆದೆಯ ಮನುಷ್ಯ ಎಂದು ಬೈದುಕೊಂಡೇ ಬಂದೆ. ಬೇರೆ ತಂಡ ಹಿಡಿದು, ನಾನೂ ಅವರ ಜೊತೆ ಬಿಸಿಲಲ್ಲಿ ನಿಂತೆ.

ಸೇತುವೆಯ ಮೇಲೆ ಮೊದಲ ಬಸ್ಸು ದಾಟಿದ ಮಧ್ಯಾಹ್ನ ಫೋನು ಬಂತು. “ಏಮಯ್ಯಾ, ಬಸ್ಸು ಹೋಯ್ತು. ದೊಡ್ಡದು ಇವತ್ತಿಗೆ ನಿಂತೈತೆ, ಬರೆದಾಯ್ತು. ಚಿಕ್ಕದು ಓಡ್ತೈತೆ, ಬೇಗ ಪಟ್ಟೆ ಬಳಿ.”

ನಾನು ಕೇಳುವ ಮೊದಲೇ! ಅಬ್ಬಾ, ಹೋದ ಜೀವ ಬಂತು. ಅಲ್ಲೇ ಜಲ್ಲಿ ರಾಶಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಲಾಭವೆಲ್ಲ ಹೋಯಿತು, ಮನೆ ಉಳಿಯಿತು. ಮುಖಂಡರು ಕೇಳಿದ ದಂಡವಾಗಿದ್ದರೆ ನಾವು ಬೀದಿಗೆ ಬೀಳುತ್ತಿದ್ದೆವು, ಸೇತುವೆಯೂ ಅರ್ಧಕ್ಕೇ ನಿಲ್ಲುತ್ತಿತ್ತು.

ಬ್ಯಾಂಕಿನಿಂದ ಮನೆಪತ್ರ ಬಿಡಿಸಿಕೊಂಡ ದಿನ ಹಣ್ಣು ಹಿಡಿದು ಅವರ ಮನೆಗೆ ಹೋದೆ. ಅಷ್ಟರಲ್ಲಿ ನಿವೃತ್ತರಾಗಿದ್ದರು. “ನಿಮ್ಮಿಂದ ಮನೆ ಉಳೀತು ಸಾರ್” ಅಂದೆ.

“ನಾನೇನು ಬಿಟ್ಟೆನಯ್ಯಾ ನಿಂಗೆ? ದಂಡ ಪೂರ್ತಿ ಕಟ್ಟಿಸ್ಕೊಂಡಿದೀನಿ” ಎಂದು ನಕ್ಕು, ಒಂದೇ ಒಂದು ಹಣ್ಣು ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದರು.

ಹೋದ ವರ್ಷ ತೀರಿಕೊಂಡರು. ನಿಜ, ದಂಡದಲ್ಲಿ ಏನನ್ನೂ ಬಿಡಲಿಲ್ಲ ಪುಣ್ಯಾತ್ಮರು. ಅದಕ್ಕೇ ಇವತ್ತಿಗೂ ಆ ಸೇತುವೆಯ ಮೇಲೆ ತಲೆ ಎತ್ತಿಕೊಂಡು ಹೋಗುತ್ತೇನೆ. ಊರಿಗೆ ಕೊಡಬೇಕಾದ್ದನ್ನು ಕೊಟ್ಟಿದ್ದೇನೆ. ಸಂಜೆ ಹಿಂದಿರುಗಿದರೆ ಬಾಗಿಲ ಕೀಲಿ ನನ್ನ ಕೈಯಲ್ಲೇ ಇದೆ.