ಹನುಮಂತನ ಹೆಸರಿನ ಡಬ್ಬಿ

2014ರಲ್ಲಿ ನಾನು ಪೀಣ್ಯದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಕಿಟಕಿ ತೆರೆಯುವಂತಿಲ್ಲದ ಕೋಣೆ, ಮುಖಕ್ಕೆ ಬಿಗಿದ ಮಾಸ್ಕ್, ದಿನವಿಡೀ ಕಫದ ಡಬ್ಬಿಗಳು. ಕೋಪ ಆಗ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹನುಮಂತ ಬಾಗಲಕೋಟೆ ಕಡೆಯವನು, ಲೋಹಕ್ಕೆ ಬಣ್ಣದ ಪುಡಿ ಹಚ್ಚುವ ಪೌಡರ್ ಕೋಟಿಂಗ್ ಕಾರ್ಖಾನೆಯ ಕೆಲಸಗಾರ. ಬಾಗಲಗುಂಟೆಯ ಒಂದೇ ಕೋಣೆಯಲ್ಲಿ ಊರಿನ ಗೆಳೆಯ ಸಂಗಪ್ಪನ ಜೊತೆ ವಾಸ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಹನುಮಂತನ ರೋಗಾಣುವಿಗೆ ನಾಟುತ್ತಿರಲಿಲ್ಲ. ಹಾಗಾಗಿ ಆರು ತಿಂಗಳಿಂದ ಬೇರೆ ಮಾತ್ರೆಗಳು, ದಿನಾ ಇಂಜೆಕ್ಷನ್. ಕಫದಲ್ಲಿ ರೋಗಾಣು ಇಲ್ಲವೆಂಬ ರಿಪೋರ್ಟ್ ತಂದರೆ ಮಾತ್ರ ಕೆಲಸ ಎಂದು ಕಾರ್ಖಾನೆಯವರು ಹೇಳಿದ್ದರು. ಹಿಂದಿನ ತಿಂಗಳ ಸ್ಲೈಡಿನಲ್ಲಿ ರೋಗಾಣುಗಳು ಬೆರಳೆಣಿಕೆಯಷ್ಟು ಉಳಿದಿದ್ದವು.

ಈ ಸಲದ ಸ್ಲೈಡಿನಲ್ಲಿ ಕಣ್ಣಿಟ್ಟಲ್ಲೆಲ್ಲ ರೋಗಾಣು. ಔಷಧ ಸೋತಿತೇನೋ ಎಂದು ವೈದ್ಯರು ತಲೆ ಮೇಲೆ ಕೈಹೊತ್ತರು. ಅವರು ಹೇಳಿದಂತೆ ಉಳಿದ ಕಫವನ್ನು ಸಿಬಿನ್ಯಾಟ್ ಯಂತ್ರಕ್ಕೆ ಹಾಕಿದೆ. ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನು ಅದು ಎರಡು ಗಂಟೆಯಲ್ಲಿ ಹೇಳುತ್ತದೆ. ನಾಟುತ್ತದೆ ಎಂದಿತು! ಒಮ್ಮೆ ಔಷಧ ನಾಟದಂತಾದ ರೋಗಾಣು ಚಿಕಿತ್ಸೆಯ ನಡುವೆ ಹಾಗೆ ಹಿಂದಕ್ಕೆ ತಿರುಗುವುದಿಲ್ಲ. ಡಬ್ಬಿ ಅದಲುಬದಲು ಮಾಡಿದೆನೇ ಎಂದು ಹೆದರಿ ಅಂದಿನ ನಂಬರುಗಳನ್ನೆಲ್ಲ ಮೂರು ಸಲ ತಾಳೆ ನೋಡಿದೆ. ತಪ್ಪು ನನ್ನದಾಗಿರಲಿಲ್ಲ.

ಮಾರನೆಯ ದಿನ ಹನುಮಂತನನ್ನು ಕರೆಸಿದೆ.

"ಇದು ನಿಂದಲ್ಲ. ಯಾರದು, ಹೇಳ್ಬಿಡಪ್ಪಾ."

ಅವನು ಬಾಗಿಲು ನೋಡಿದ. ಬಾಗಿಲಲ್ಲಿ ನಾನೇ ನಿಂತಿದ್ದೆ.

"ಸಂಗಪ್ಪಂದ್ರಿ ಮೇಡಂ. ನಂದ್ ಕೊಟ್ರ ಮತ್ತ ಪಾಸಿಟಿವ್ ಬರತೈತಿ ಅಂತ ಅಂಜಿದ್ನಿರಿ. ಅಂವ ಗಟ್ಟಿಮುಟ್ಟ ಅದಾನ. ಕೆಮ್ಮತಾನ ಖರೆ, ಧೂಳಿಂದು ಅಂದಿದ್ದ."

ಬಾಯಿಗೆ ಬಂದಂತೆ ಬೈದೆ. ಅದು ಅವನ ಕಿವಿಗೇ ಬೀಳಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತ.

"ಹಂಗಾರ ಅವಂಗ ನಾನ ಹಚ್ಚಿದ್ನೇನ್ರಿ? ಆರು ತಿಂಗಳು ಗ್ವಾಡಿ ಕಡೆ ಮಾರಿ ಮಾಡಿ ಮಲಗೀನ್ರಿ ಮೇಡಂ."

ನನ್ನ ಕೋಪ ಜರ್ರನೆ ಇಳಿಯಿತು. ಅವನ ಹಳೆಯ ರಿಪೋರ್ಟನ್ನೂ ಈ ಹೊಸದನ್ನೂ ಅವನ ಮುಂದೆ ಹಿಡಿದೆ. "ಇಲ್ಲಪ್ಪಾ. ನಿನ್ನಿಂದ ಬಂದಿದ್ರೆ ಅವನಿಗೂ ರಿಫಾಂಪಿಸಿನ್ ನಾಟ್ತಿರ್ಲಿಲ್ಲ. ಅವನಿಗೆ ಬೇರೆ ಎಲ್ಲಿಂದಲೋ ಬಂದಿದೆ. ಬೇಗ ವಾಸಿಯಾಗ್ತಾನೆ, ಕರ್ಕೊಂಡ್ ಬಾ."

ಅವನು ಮಗುವಿನಂತೆ ಅತ್ತುಬಿಟ್ಟ. ಮಧ್ಯಾಹ್ನವೇ ಸಂಗಪ್ಪನನ್ನು ಕರೆತಂದ. ಆಸ್ಪತ್ರೆಯ ಬಯಲಿನಲ್ಲಿ ಹನುಮಂತ ನನ್ನೆದುರೇ ಕೆಮ್ಮಿ ತನ್ನ ಕಫವನ್ನೂ ಕೊಟ್ಟ. ಅವನ ಇಡೀ ಸ್ಲೈಡ್ ಹುಡುಕಿದೆ, ರೋಗಾಣು ಒಂದೂ ಸಿಗಲಿಲ್ಲ.

ಡಬ್ಬಿಯ ಮೇಲಿನ ಹೆಸರನ್ನಷ್ಟೇ ನಂಬುವುದನ್ನು ಅಂದೇ ಬಿಟ್ಟೆ. ಡಬ್ಬಿ ಕೊಡುವಾಗ ಪ್ರತಿ ರೋಗಿಗೂ ಒಂದು ಮಾತು ಕೇಳತೊಡಗಿದೆ: "ನಿಮ್ಮ ರೂಮಲ್ಲಿ ಇನ್ಯಾರು ಮಲಗ್ತಾರಪ್ಪಾ?"