ಶರಣಪ್ಪನ ನಾಯಿಯ ಸೀಳುಗಿವಿ

ಒಂದು ನಾಯಿಯ ಕಿವಿ ಕಂಡು ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿರಿ. ಎದುರಂಗಡಿಯ ಶರಣಪ್ಪನ ನಾಯಿಯನ್ನು ನೀವು ಕಂಡಿಲ್ಲ.

ಮಹಾಯುದ್ಧ ನಡೆದಿದ್ದ ವರ್ಷಗಳು. ಕುಷ್ಟಗಿಯ ಕೂಡುರಸ್ತೆಯಲ್ಲಿ ನನ್ನದು ಬಟ್ಟೆ ಅಂಗಡಿ, ಶರಣಪ್ಪನದು ಕಿರಾಣಿ. ಕುರುಬರ ಹಟ್ಟಿಯಿಂದ ಇಬ್ಬರೂ ಒಂದೇ ಸೂಲಿನ ನಾಯಿಮರಿಗಳನ್ನು ತಂದೆವು. ಆರಿಸುವ ಸರದಿ ಮೊದಲು ನನ್ನದು. ಧೋತರ ಆರಿಸುವ ಕಣ್ಣಿನಿಂದಲೇ ನೋಡಿ, ಎರಡೂ ಕಿವಿ ಅಳತೆ ಹಿಡಿದಂತಿದ್ದ ಮರಿಯನ್ನು ಎತ್ತಿಕೊಂಡೆ. ಉಳಿದದ್ದರ ಎಡಗಿವಿ ಹುಟ್ಟಿನಿಂದಲೇ ಸೀಳಿತ್ತು. ನೋವಿಲ್ಲ, ಕೇಳುವುದಕ್ಕೂ ತೊಂದರೆಯಿಲ್ಲ. ನೋಡಲು ಮಾತ್ರ ಕತ್ತರಿ ಜಾರಿದ ಅರಿವೆ.

"ಹರಕು ಮಾಲು ನಿನಗ ಬಂತು ನೋಡಪಾ" ಎಂದು ನಕ್ಕೆ.

"ಇರ್ಲಿ ಬಿಡಪಾ, ಬಾಯಿ ಛಲೋ ಐತಿ. ಬೊಗಳೂದು ಕಿವಿಯಿಂದಲ್ಲ" ಎಂದ ಶರಣಪ್ಪ.

ನಮ್ಮ ಸೀಮೆಯಲ್ಲಿ ಕಿವಿ ಬರಿ ಕೇಳುವುದಕ್ಕಲ್ಲ. ಕುರುಬರು ತಮ್ಮ ಕುರಿಯ ಗುರುತಿಗೆ ಅದರಲ್ಲಿ ಕಚ್ಚು ಹಾಕುತ್ತಾರೆ. ಹುಲಿಗೆಮ್ಮನಿಗೆ ಹರಕೆ ಹೊತ್ತವರು ದೇವಿಗೆ ಬಿಡುವ ಆಡಿನ ಕಿವಿಯನ್ನು ತುಸು ಸೀಳುತ್ತಾರೆ. ಆಮೇಲೆ ಅದು ಯಾರ ಹೊಲ ಮೇಯ್ದರೂ ಯಾರೂ ಕೋಲೆತ್ತುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಮರಿ ಆರಿಸುವಾಗ ನೆನಪಾಗಲಿಲ್ಲ, ಅಷ್ಟೇ.

ಆ ತಾಯಿಯ ಗುಡಿಯಿರುವ ಹುಲಿಗಿಗೆ ಹೊರಟ ಬಂಡಿಗಳು ನಮ್ಮಲ್ಲಿ ನಿಂತು ಎತ್ತಿಗೆ ನೀರು ಕುಡಿಸುತ್ತಿದ್ದವು. ಒಮ್ಮೆ ಯಾರೋ ಹೆಣ್ಣುಮಗಳು ಆ ಕಿವಿ ಕಂಡು, "ಯವ್ವಾ, ತಾಯಿಗೆ ಬಿಟ್ಟ ನಾಯಿ!" ಎಂದು ಕೈಮುಗಿದು ಬುತ್ತಿಯ ಹೋಳಿಗೆ ಹಾಕಿದಳು. ಮುಗಿಯಿತು. ಅಂದಿನಿಂದ ಬಂಡಿಗಳೆಲ್ಲ ಶರಣಪ್ಪನ ಕಟ್ಟೆಯ ಮುಂದೆಯೇ. ನಾಯಿಗೆ ಹೋಳಿಗೆ, ಕಟ್ಟೆಗೆ ಕುಂಕುಮ, ಬೆಲ್ಲ-ಕೊಬ್ಬರಿಗೆ ಜನವೋ ಜನ. ನಾನು ಗಜಕೋಲು ಹಿಡಿದು ನೊಣ ಹೊಡೆಯುತ್ತಿದ್ದೆ. ನನ್ನ ನಾಯಿ ರಾಜಾ ಕೂಡ ಒಣರೊಟ್ಟಿ ಮೂಸಿ ಬಿಟ್ಟು ಎದುರಿನ ಎಂಜಲಿಗೆ ಹೋಗತೊಡಗಿದ. ಅದನ್ನೂ ತಡೆದುಕೊಂಡೆ. ಒಂದು ಶುಕ್ರವಾರ ನನ್ನ ಹೆಂಡತಿಯೇ ಸಜ್ಜಕದ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟಲು ಹೊರಟಳು.

"ನಮ್ಮ ರಾಜಾ ಅದರ ಒಡಹುಟ್ಟಿದಂವ ಅಲ್ಲೇನ?" ಎಂದೆ.

"ಅದಕ್ಕೇನಾತ್ರಿ? ಒಡಹುಟ್ಟಿದವ್ರಿಗೆಲ್ಲ ದೇವರ ಕಳಿ ಬರತೈತೇನು?" ಎಂದು ನಾಯಿಯ ಜೊತೆ ನನ್ನನ್ನೂ ಸೇರಿಸಿ ನೋಡಿದಳು.

ಮುಂದಿನ ಬಂಡಿ ಬಂದದ್ದೇ ತಡ, ರಸ್ತೆಯ ನಡುವೆ ನಿಂತು ಕೂಗಿದೆ: "ಅದನ್ನ ಯಾರೂ ಬಿಟ್ಟಿಲ್ರೀ! ಯಾರೂ ಕಿವಿ ಸೀಳಿಲ್ಲ. ಹುಟ್ಟಿದ್ದ ಹಂಗ, ನಾ ಕಣ್ಣಾರೆ ನೋಡೇನಿ!"

ಮುಗಿದ ಕೈಗಳು ಕೆಳಗಿಳಿದವು. ಶರಣಪ್ಪ ತಕ್ಕಡಿ ಕೆಳಗಿಟ್ಟ. ಎಷ್ಟೋ ದಿನದ ಮೇಲೆ ನನ್ನ ಎದೆ ತಣ್ಣಗಾಯಿತು.

ಬಂಡಿಯಿಂದ ಒಬ್ಬ ಮುದುಕಿ ಇಳಿದಳು. "ಮನಷ್ಯಾರು ಸೀಳಿಲ್ಲಾ? ಹಂಗಾರ ತಾಯೀನ ಗುರುತು ಹಾಕಿ ಕಳಿಸ್ಯಾಳ!" ಎಂದು ನಡುಬೀದಿಯಲ್ಲೇ ನಾಯಿಗೆ ಅಡ್ಡಬಿದ್ದಳು. ಅವಳ ಹಿಂದೆ ಇಡೀ ಬಂಡಿ. ಕಣ್ಣಾರೆ ಕಂಡ ಪುಣ್ಯವಂತ ಎಂದು ನನ್ನ ಹಣೆಗೂ ಭಂಡಾರದ ಅರಿಶಿನ ಬಳಿದರು.

ಸಂಜೆ ಅದನ್ನು ಒರೆಸಿಕೊಳ್ಳಲು ಕನ್ನಡಿಯ ಮುಂದೆ ನಿಂತವನು, ಹೆಂಡತಿ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಗಳನ್ನೇ ಹಿಡಿದು ಮಡಚಿ ತಿರುಗಿಸಿ ನೋಡಿದೆ. ಎಲ್ಲಾದರೂ ಒಂದು ಸಣ್ಣ ಕಚ್ಚು? ಎರಡೂ ನೆಟ್ಟಗಿದ್ದವು. ಅಷ್ಟು ಬೇಸರ ನನಗೆ ಎಂದೂ ಆಗಿರಲಿಲ್ಲ.